ಫೋಟೋ ತೆಗೆಯುತ್ತಾ ಒಂದು ಜಾಗವನ್ನು ತಿಳಿಯುವುದು ಹೇಗೆ? ಮೈಸೂರು, ಮಂಡ್ಯದ ಓದುಗರಿಗೆ

ಮೈಸೂರಿನಲ್ಲಿ ಫೋಟೋ ತೆಗೆಯಲು ಒಳ್ಳೆ ಜಾಗ ಯಾವುದು? ಮಂಡ್ಯದಲ್ಲಿ ತೆಗೆಯುವಂಥದ್ದು ಏನಿದೆ? ಯಾವ ಕ್ಯಾಮೆರಾ ಕೊಳ್ಳಲಿ? ಓದುಗರು ಮತ್ತೆ ಮತ್ತೆ ಕೇಳುವುದು ಈ ಮೂರನ್ನೇ. ಮೂರಕ್ಕೂ ಒಟ್ಟಿಗೆ ಉತ್ತರ ಕೊಡಲು ಈ ಲೇಖನ.

ಜಾಗಗಳ ಪಟ್ಟಿ ಕೊಡುವುದು ಸುಲಭ. ಆದರೆ ಭಾನುವಾರ ಸಂಜೆ ದೀಪ ಹತ್ತಿದಾಗ ಅರಮನೆ ಹೇಗೆ ಕಾಣುತ್ತದೆ ಅಂತ ಎಲ್ಲರಿಗೂ ಗೊತ್ತು. ಅದೇ ಫೋಟೋ ಇನ್ನೊಂದು ತೆಗೆದರೆ ಅರಮನೆ ಬಗ್ಗೆ ನಿಮಗೆ ಹೊಸದೇನೂ ತಿಳಿಯುವುದಿಲ್ಲ. ನಾನು ಇಲ್ಲಿ ಹೇಳುವುದು ಬೇರೆ ಕೆಲಸ. ನೀವು ದಿನವೂ ಓಡಾಡುವ ಒಂದು ಬೀದಿಯನ್ನೋ, ಒಂದು ಸಂತೆಯನ್ನೋ, ಒಂದು ನಾಲೆ ಏರಿಯನ್ನೋ ಕ್ಯಾಮೆರಾ ಹಿಡಿದು ಅರ್ಥ ಮಾಡಿಕೊಳ್ಳುವುದು. ಅಲ್ಲಿ ಏನಿದೆ, ಅದು ಅಲ್ಲೇ ಯಾಕಿದೆ, ಮೊದಲು ಹೇಗಿತ್ತು, ಅದನ್ನು ಯಾರು ನಡೆಸುತ್ತಿದ್ದಾರೆ? ಇದಕ್ಕೆ ಉತ್ತರ ಹುಡುಕಲು ಫೋಟೋ ಬಹಳ ಒಳ್ಳೆ ದಾರಿ. ಯಾಕೆಂದರೆ ಫೋಟೋ ತೆಗೆಯಬೇಕಾದರೆ ನಿಲ್ಲಲೇಬೇಕು. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ, ಅಲ್ಲಿದ್ದಾಗ ಕಣ್ಣಿಗೆ ಬೀಳದ್ದೂ ಕಾಣುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಫೋಟೋ ಚೆನ್ನಾಗಿ ಬಂತಾ ಅನ್ನುವುದು ಎರಡನೆಯ ಪ್ರಶ್ನೆ. ಆ ಫೋಟೋದ ಕೆಳಗೆ ಎರಡು ಸಾಲು ನಿಜ ಸಂಗತಿ ಬರೆಯಲು ನಿಮಗೆ ಬರುತ್ತದಾ ಅನ್ನುವುದು ಮೊದಲನೆಯದು. ಮುಂದಿನ ಹಂತಗಳೆಲ್ಲ ಆ ಎರಡು ಸಾಲಿಗಾಗಿಯೇ.

ಏನೇನು ಬೇಕು?

ಕೈಯಲ್ಲಿರುವ ಫೋನ್ ಸಾಕು. ಹೊಸ ಕ್ಯಾಮೆರಾ ಕೊಳ್ಳಬೇಡಿ. ಮಾರುಕಟ್ಟೆಯಂಥ ಕಡೆ ಫೋನೇ ಮೇಲು. ದೊಡ್ಡ ಕ್ಯಾಮೆರಾ ಕಂಡರೆ ಜನ ಒಂದೋ ಪೋಸ್ ಕೊಡುತ್ತಾರೆ, ಇಲ್ಲವೇ ಮುಖ ತಿರುಗಿಸುತ್ತಾರೆ. ಜೊತೆಗೆ ಒಂದು ಚಿಕ್ಕ ನೋಟ್‌ಬುಕ್, ಪೆನ್, ಲೆನ್ಸ್ ಒರೆಸಲು ಮೆತ್ತನೆ ಬಟ್ಟೆ, ನೀರು, ಪವರ್ ಬ್ಯಾಂಕ್ ಇರಲಿ. ನೋಟ್‌ಬುಕ್ ಬದಲು ಫೋನಿನಲ್ಲೇ ಬರೆದುಕೊಳ್ಳುತ್ತೇನೆ ಅಂದರೆ ಬೇಡ ಅನ್ನುವುದಿಲ್ಲ. ಆದರೆ ಯಾರಾದರೂ ಮಾತಾಡುವಾಗ ನೀವು ಫೋನ್ ಒತ್ತುತ್ತಿದ್ದರೆ, ನಿಮಗೆ ಕೇಳುವ ಮನಸ್ಸಿಲ್ಲ ಅಂದುಕೊಳ್ಳುತ್ತಾರೆ. ಪುಸ್ತಕದಲ್ಲಿ ಬರೆದುಕೊಂಡರೆ ಇನ್ನೂ ಎರಡು ಮಾತು ಜಾಸ್ತಿ ಹೇಳುತ್ತಾರೆ.

ಹೊರಡುವ ಮುಂಚೆ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎರಡು ಕೆಲಸ ಮಾಡಿ. ಲೊಕೇಶನ್ ಆನ್ ಮಾಡಿ. ಗ್ರಿಡ್ ಆನ್ ಮಾಡಿ. ಗ್ರಿಡ್ ಎಂದರೆ ಪರದೆ ಮೇಲೆ ಕಾಣುವ ಅಡ್ಡ, ಉದ್ದ ಗೆರೆಗಳು. ಅವು ಫೋಟೋದಲ್ಲಿ ಬರುವುದಿಲ್ಲ. ಗೋಡೆ, ಕಂಬ ಓರೆಯಾಗದಂತೆ ನೋಡಿಕೊಳ್ಳಲು ಇವೆ, ಅಷ್ಟೇ. ಲೊಕೇಶನ್ ಯಾಕೆಂದರೆ, ಪ್ರತಿ ಫೋಟೋದ ಒಳಗೆ ಅದನ್ನು ತೆಗೆದ ದಿನ, ಗಂಟೆ, ಜಾಗ ದಾಖಲಾಗುತ್ತದೆ. ಇದಕ್ಕೆ ಮೆಟಾಡೇಟಾ ಎನ್ನುತ್ತಾರೆ. ಮುಂದೆ ಫೋಟೋಗಳನ್ನು ನಕ್ಷೆಯ ಮೇಲೆ ಜೋಡಿಸಿ ನೋಡಲು ಇದು ಬೇಕು.

ಎಚ್ಚರಿಕೆ: ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋದಿಂದ ಈ ವಿವರ ಹೋಗುತ್ತದೆ, ಫೋಟೋ ಕೂಡ ಚಿಕ್ಕದಾಗುತ್ತದೆ. ಗೆಳೆಯರಿಗೆ ಮೂಲ ಫೋಟೋ ಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಯಾರದಾದರೂ ಮನೆಯ ಫೋಟೋವನ್ನು ಎಲ್ಲರಿಗೂ ಕಾಣುವಂತೆ ಹಾಕುವಾಗ ಮಾತ್ರ ಲೊಕೇಶನ್ ತೆಗೆದು ಹಾಕಿ.

ಹಂತ 1: ಜಾಗ ಚಿಕ್ಕದಿರಲಿ

"ಮೈಸೂರು" ಎಂದು ಹೊರಟರೆ ಏನೂ ಕೈಗೆ ಹತ್ತುವುದಿಲ್ಲ. "ದೇವರಾಜ ಮಾರುಕಟ್ಟೆ" ಕೂಡ ದೊಡ್ಡದೇ. ಅದರ ವೀಳ್ಯದೆಲೆ ಅಂಗಡಿಗಳ ಸಾಲು, ಅಷ್ಟು ಆರಿಸಿಕೊಳ್ಳಿ. ಅಥವಾ ಚಿಕ್ಕ ಗಡಿಯಾರ ಗೋಪುರದ ಸುತ್ತಲಿನ ಜಾಗ. ಹತ್ತು ನಿಮಿಷದಲ್ಲಿ ಒಂದು ಸುತ್ತು ನಡೆದು ಮುಗಿಯಬೇಕು, ಅದು ನನ್ನ ಅಳತೆ.

ಮನೆ ಹತ್ತಿರ ಇರುವುದನ್ನು ಆರಿಸಿಕೊಂಡರೆ ಇನ್ನೂ ಒಳ್ಳೆಯದು, ಯಾಕೆಂದರೆ ಹಲವು ಸಲ ಹೋಗಬೇಕಾಗುತ್ತದೆ. ಮಂಡ್ಯದವರು ತಮ್ಮೂರಲ್ಲಿ ನೋಡುವುದೇನೂ ಇಲ್ಲ ಅಂತ ಬಸ್ ಹತ್ತಿ ಮೈಸೂರಿಗೆ ಬರುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಒಂದು ಆಲೆಮನೆ, ಒಂದು ನಾಲೆ ಸೇತುವೆ, ಊರ ಮುಂದಿನ ಒಂದು ವೀರಗಲ್ಲು: ಒಂದೊಂದೂ ತಿಂಗಳುಗಟ್ಟಲೆ ಕೆಲಸ ಕೊಡುತ್ತದೆ.

ಹಂತ 2: ಮೊದಲ ಸಲ ಸುಮ್ನೆ ನಡೆಯಿರಿ

ಫೋನ್ ಜೇಬಿನಲ್ಲೇ ಇರಲಿ. ಒಂದು ಸುತ್ತು ಹೋಗಿ ಬನ್ನಿ. ಟೀ ಅಂಗಡಿ ಇದ್ದರೆ ಕೂತು ಒಂದು ಟೀ ಕುಡಿಯಿರಿ. ಆಮೇಲೆ ಪುಸ್ತಕದಲ್ಲಿ ಆ ಜಾಗದ ನಕ್ಷೆಯನ್ನು ಕೈಯಲ್ಲೇ ಗೀಚಿ. ಅಂದವಾಗಿ ಬರುವುದು ಬೇಡ. ರಸ್ತೆ ಯಾವ ಕಡೆ, ಮರ ಎಲ್ಲಿ, ನೀರಿನ ಕೊಳಾಯಿ ಎಲ್ಲಿ, ಜನ ಎಲ್ಲಿ ಗುಂಪಾಗಿ ನಿಲ್ಲುತ್ತಾರೆ, ಉತ್ತರ ದಿಕ್ಕು ಯಾವುದು. ಗೀಚುವಾಗ ನೆನಪಿಗೆ ಬಾರದೆ ಖಾಲಿ ಉಳಿದ ಜಾಗಗಳೇ ಮುಂದಿನ ಸಲ ನೀವು ನೋಡಬೇಕಾದವು.

ಹಂತ 3: ಪ್ರಶ್ನೆ ಬರೆದುಕೊಳ್ಳಿ

ಇದನ್ನು ಬಿಟ್ಟವರ ಫೋನಿನಲ್ಲಿ ನೂರಾರು ಫೋಟೋ ಇರುತ್ತವೆ, ತಿಳಿದದ್ದು ಮಾತ್ರ ಏನೂ ಇರುವುದಿಲ್ಲ. ಮೂರು ಪ್ರಶ್ನೆ ಸಾಕು. ಕಣ್ಣಿಗೆ ಕಾಣುವ ವಸ್ತುವಿನಿಂದಲೇ ಪ್ರಶ್ನೆ ಹುಟ್ಟಬೇಕು. "ಮಾರುಕಟ್ಟೆಯ ಇತಿಹಾಸ ಏನು?" ಎಂದರೆ ಅದಕ್ಕೆ ಫೋಟೋ ತೆಗೆಯಲು ಆಗುವುದಿಲ್ಲ. "ಈ ಗೋಡೆಗೆ ಆಸರೆ ಕೊಟ್ಟಿರುವುದು ಯಾಕೆ?" ಎಂದರೆ ಆಗುತ್ತದೆ. ಆ ಆಸರೆಯ ಜಾಡು ಹಿಡಿದರೆ 2016ರಲ್ಲಿ ಮಾರುಕಟ್ಟೆಯ ಒಂದು ಭಾಗ ಕುಸಿದದ್ದು, ಹಳೆ ಕಟ್ಟಡ ಕೆಡವಬೇಕೋ ಉಳಿಸಬೇಕೋ ಎಂದು ವರ್ಷಗಟ್ಟಲೆ ನಡೆದ ವಾದ, ಎಲ್ಲವೂ ಒಂದೊಂದಾಗಿ ಸಿಗುತ್ತವೆ.

ಇನ್ನೊಂದು ಉದಾಹರಣೆ ಕೊಡುತ್ತೇನೆ, ಇದು ನನಗೆ ಬಹಳ ಮುಖ್ಯ. ಮೈಸೂರಿನ ಚಾಮರಾಜಪುರಂ, ಲಕ್ಷ್ಮೀಪುರಂ ಕಡೆ ಹಳೆ ಮನೆಗಳ ಎರಡು ಸಾಲಿನ ನಡುವೆ, ಹಿಂಭಾಗದಲ್ಲಿ, ಒಂದು ಕಿರಿದಾದ ಓಣಿ ಇರುತ್ತದೆ. ಜನ ಅದನ್ನು ಕನ್ಸರ್ವೆನ್ಸಿ ಎನ್ನುತ್ತಾರೆ. ಮುಂದಿನ ರಸ್ತೆ ಅಷ್ಟು ಅಗಲ ಇರುವಾಗ ಹಿಂದೆ ಇನ್ನೊಂದು ಓಣಿ ಯಾಕೆ? 1890ರ ದಶಕದ ಕೊನೆಗೆ ಮೈಸೂರಿಗೆ ಪ್ಲೇಗ್ ಬಂತು. ಇಕ್ಕಟ್ಟಿನ ಹಳೆ ಕೇರಿಗಳಿಂದ ಜನರನ್ನು ಹೊರಗೆ ತರಲು ಹೊಸ ಬಡಾವಣೆಗಳು ಎದ್ದವು. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು. ನೆಟ್ಟಗಿನ ರಸ್ತೆ, ಗಾಳಿ ಬೆಳಕು, ಹಿಂದೆ ಕಕ್ಕಸು ಬಳಿದು ಹೊರುವವರಿಗೆ ಬೇರೆ ಓಣಿ. ಆ ಕೆಲಸಕ್ಕೆ ಬರುತ್ತಿದ್ದವರು ಮುಂಬಾಗಿಲ ಬೀದಿಯಲ್ಲಿ ಕಾಣಿಸಿಕೊಳ್ಳಬಾರದು ಎಂಬ ಲೆಕ್ಕವೂ ಆ ಓಣಿಯಲ್ಲಿದೆ. ಹಿಂಗೋಡೆಗಳನ್ನು ನಿಧಾನವಾಗಿ ನೋಡುತ್ತಾ ಹೋಗಿ. ಇಟ್ಟಿಗೆಯಿಂದ ಮುಚ್ಚಿದ ಕಂಡಿ ಕಾಣಬಹುದು, ಆಮೇಲೆ ಇಟ್ಟ ಬಾಗಿಲು ಕಾಣಬಹುದು. ಓಣಿಯನ್ನೇ ಒತ್ತಿಕೊಂಡು ಕಟ್ಟಿದ್ದೂ ಇರಬಹುದು. ಮೈಸೂರು ಹೇಗೆ ಬೆಳೆಯಿತು ಎಂದು ತಿಳಿಯಬೇಕಾದವರು ಅರಮನೆಗೆ ಹೋಗುವ ಮುಂಚೆ ಇಂಥ ಒಂದು ಓಣಿ ನಡೆಯಬೇಕು ಎಂದು ನಾನು ಹೇಳುತ್ತೇನೆ.

ಹಂತ 4: ದೂರ, ನಡು, ಹತ್ತಿರ

ಪ್ರತಿ ಪ್ರಶ್ನೆಗೂ ಮೂರು ದೂರದಿಂದ ಫೋಟೋ ತೆಗೆಯಿರಿ. ಹೆಚ್ಚಿನವರು ನಡುವಿನದು ಒಂದನ್ನೇ ತೆಗೆದು ಬರುತ್ತಾರೆ. ಆಮೇಲೆ ಅದು ಎಲ್ಲಿ ಇತ್ತು, ಯಾವುದರಿಂದ ಮಾಡಿದ್ದು, ಎರಡೂ ಗೊತ್ತಾಗುವುದಿಲ್ಲ.

ದೂರದ ಫೋಟೋ ಜಾಗದ ಸುತ್ತಮುತ್ತಲನ್ನು ತೋರಿಸಬೇಕು. ಇದಕ್ಕೆ ಒಂದು ಒಳ್ಳೆ ಅಭ್ಯಾಸ ಹೇಳುತ್ತೇನೆ. ಮಳೆ ಬಂದು ಬಿಟ್ಟ ಮಾರನೆ ದಿನ ಚಾಮುಂಡಿ ಬೆಟ್ಟಕ್ಕೆ ಹೋಗಿ. ಆಗ ಗಾಳಿಯಲ್ಲಿ ದೂಳು ಇರುವುದಿಲ್ಲ. ಊರು ಕಾಣುವ ಕಡೆ ನಿಂತು ಒಂದು ಅಗಲ ಫೋಟೋ ತೆಗೆಯಿರಿ. ಮನೆಯಲ್ಲಿ ಅದನ್ನು ದೊಡ್ಡದು ಮಾಡಿ ಅರಮನೆ, ಕಾರಂಜಿ ಕೆರೆ, ರೇಸ್ ಕೋರ್ಸ್, ಲಲಿತ ಮಹಲ್ ಎಲ್ಲಿವೆ ಎಂದು ಗುರುತು ಹಾಕಿ. ಆಮೇಲೆ ನಿಮ್ಮ ಮನೆ ಯಾವ ಕಡೆ ಬರುತ್ತದೆ ಎಂದು ಹುಡುಕಿ. ಕೆರೆ ತಗ್ಗಿನಲ್ಲಿದೆ, ಊರು ಯಾವ ಕಡೆ ಹರಡಿದೆ, ಹಸಿರು ಎಲ್ಲಿ ಉಳಿದಿದೆ ಎಂಬುದು ಒಂದೇ ಫೋಟೋದಲ್ಲಿ ಸಿಗುತ್ತದೆ.

ನಡುವಿನ ಫೋಟೋದಲ್ಲಿ ಅಂಗಡಿ, ಮನೆ, ಬಾಗಿಲು ಪೂರ್ತಿ ಬರಲಿ. ಫೋನನ್ನು ಮೇಲಕ್ಕೆ ಎತ್ತಿ ಓರೆ ಮಾಡಿದರೆ ಕಟ್ಟಡ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಅದರ ಬದಲು ರಸ್ತೆಯ ಆಚೆ ಬದಿಗೆ ಹೋಗಿ ಫೋನನ್ನು ನೆಟ್ಟಗೆ ಹಿಡಿಯಿರಿ. 0.5 ಎಂದು ತೋರಿಸುವ ಅಗಲ ಲೆನ್ಸ್ ಅಂಚುಗಳನ್ನು ಹಿಗ್ಗಿಸುತ್ತದೆ, ಇಕ್ಕಟ್ಟಿನ ಓಣಿಯನ್ನೂ ಅಗಲವಾಗಿ ತೋರಿಸುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಅದನ್ನು ಬಳಸಿ.

ಹತ್ತಿರದ್ದು ವಿವರಕ್ಕೆ. ಪುರಭವನದ ಹತ್ತಿರದ ದೊಡ್ಡ ಗಡಿಯಾರದ ಅಂಕಿಗಳು ಕನ್ನಡದಲ್ಲಿವೆ. ಎಷ್ಟೋ ಜನ ದಿನವೂ ಅದರ ಕೆಳಗೆ ಓಡಾಡಿಯೂ ಅದನ್ನು ಗಮನಿಸಿರುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ ಗೋಪುರ ಅದು. ಅಂಕಿಗಳ ಹತ್ತಿರದ ಫೋಟೋ ಒಂದಿದ್ದರೆ ಈ ಸಂಗತಿಗೆ ಹಿಡಿ ಸಿಕ್ಕಿತು. ಆದರೆ ಪರದೆ ಎಳೆದು ಜೂಮ್ ಮಾಡಿದರೆ ಫೋಟೋ ಒಡೆಯುತ್ತದೆ. ಕಾಲಲ್ಲಿ ಹತ್ತಿರ ಹೋಗಲು ಆಗುವುದಾದರೆ ಹೋಗಿ.

ಅಳತೆ ಮರೆಯಬೇಡಿ. ಬೆಟ್ಟದ ನಂದಿಯ ಎತ್ತರ ಸುಮಾರು 16 ಅಡಿ. ನಂದಿಯನ್ನು ಒಂದನ್ನೇ ತುಂಬಿಸಿ ತೆಗೆದರೆ ಅದು ಮೇಜಿನ ಮೇಲಿನ ಬೊಂಬೆಯಂತೆ ಕಾಣುತ್ತದೆ. ಪಕ್ಕದಲ್ಲಿ ಒಬ್ಬರು ನಿಂತಿದ್ದರೆ ಗಾತ್ರ ತಿಳಿಯುತ್ತದೆ. ಚಿಕ್ಕ ವಸ್ತುವಾದರೆ ಪೆನ್ ಅಥವಾ ನಾಣ್ಯ ಪಕ್ಕಕ್ಕಿಡಿ.

ಹಂತ 5: ಬೆಳಕು ಮತ್ತು ಹೊತ್ತು

ಕಟ್ಟಡದ ಮುಖ ಯಾವ ದಿಕ್ಕಿಗಿದೆ ಎಂದು ಮೊದಲು ನೋಡಿ. ಅರಮನೆ ಪೂರ್ವಕ್ಕೆ ಮುಖ ಮಾಡಿದೆ. ಬೆಳಗ್ಗೆ ಬಿಸಿಲು ನೇರ ಮುಖಕ್ಕೆ ಬೀಳುತ್ತದೆ. ಸಂಜೆ ಹೋದರೆ ಸೂರ್ಯ ಹಿಂದಿರುತ್ತಾನೆ, ಮುಂಭಾಗ ಕಪ್ಪಾಗಿ ಬರುತ್ತದೆ. ನಿಮ್ಮ ಜಾಗಕ್ಕೂ ಇದೇ ಲೆಕ್ಕ ಹಾಕಿ.

ಕನ್ಸರ್ವೆನ್ಸಿಯಂಥ ಕಿರಿದಾದ ಓಣಿಗೆ ಮೋಡದ ದಿನ ಒಳ್ಳೆಯದು. ಬಿಸಿಲಿದ್ದರೆ ಅರ್ಧ ಗೋಡೆ ಬೆಳ್ಳಗೆ, ಅರ್ಧ ಕಪ್ಪಗೆ ಆಗುತ್ತದೆ. ಮಾರುಕಟ್ಟೆಯಲ್ಲಿ ಬೇರೆ ತೊಂದರೆ. ನೀಲಿ ಟಾರ್ಪಾಲಿನ ಕೆಳಗೆ ಎಲ್ಲಕ್ಕೂ ನೀಲಿ ಛಾಯೆ ಬರುತ್ತದೆ, ಹಸಿರು ಎಲೆ ಕೂಡ ಬೇರೆ ಬಣ್ಣ ಕಾಣುತ್ತದೆ. ಫೋನಿನ ಪ್ರೊ ಮೋಡ್‌ನಲ್ಲಿ ವೈಟ್ ಬ್ಯಾಲೆನ್ಸ್ ಎಂಬುದಿದ್ದರೆ, ಬಿಳಿ ವಸ್ತು ಬೆಳ್ಳಗೇ ಕಾಣುವವರೆಗೆ ಅದನ್ನು ಸರಿಸಿ. ವೈಟ್ ಬ್ಯಾಲೆನ್ಸ್ ಎಂದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಫೋಟೋದ ಬಣ್ಣ ಸರಿ ಮಾಡುವುದು, ಅಷ್ಟೇ.

ಹೊತ್ತು ಎಂದರೆ ಬೆಳಕು ಮಾತ್ರ ಅಲ್ಲ, ಕೆಲಸದ ಹೊತ್ತೂ ಹೌದು. ಹೂವಿನ ವ್ಯಾಪಾರ ನೋಡಬೇಕಾದರೆ ಬೆಳಗಿನ ಜಾವ ಹೋಗಬೇಕು. ವ್ಯಾಪಾರಿಗಳ ಜೊತೆ ಮಾತಾಡಬೇಕಾದರೆ ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಹೋಗಬೇಕು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೋಗಿ ಒಬ್ಬರನ್ನು ನಿಲ್ಲಿಸಿ ಪ್ರಶ್ನೆ ಕೇಳಿದರೆ ಬೈಸಿಕೊಳ್ಳುತ್ತೀರಿ. ಅವರ ಬೈಗುಳ ನ್ಯಾಯವೇ.

ಹಂತ 6: ಜನರನ್ನು ಕೇಳಿ

"ಅಕ್ಕ, ನಿಮ್ಮ ಅಂಗಡಿ ಫೋಟೋ ತೆಗೀಲಾ?" "ಅಣ್ಣ, ಈ ಕೆಲಸ ಹೇಗೆ ಮಾಡ್ತೀರಾ ಅಂತ ನೋಡ್ಬೇಕಿತ್ತು." ಇಷ್ಟು ಸಾಕು. ಮೊದಲು ಮಾತು, ಆಮೇಲೆ ಫೋಟೋ. ಏನಾದರೂ ಕೊಳ್ಳುವುದಿದ್ದರೆ ಕೊಂಡುಕೊಂಡು ಮಾತಾಡಿ, ಆದರೆ ಫೋಟೋಗೆ ಅಂತ ದುಡ್ಡು ಕೊಡುವ ಅಭ್ಯಾಸ ಬೇಡ. ಬೇಡ ಎಂದರೆ ಮರುಮಾತಿಲ್ಲದೆ ಸರಿ ಅನ್ನಿ. ದೂರ ಹೋಗಿ ಜೂಮ್ ಮಾಡಿ ತೆಗೆಯುವುದು ಕಳ್ಳತನಕ್ಕೆ ಸಮ.

ಮಕ್ಕಳ ಫೋಟೋಗೆ ಅಪ್ಪ ಅಮ್ಮನನ್ನು ಕೇಳಲೇಬೇಕು. ನದಿಯಲ್ಲಿ ಸ್ನಾನ ಮಾಡುವವರು, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡಲು ಬಂದವರು, ಬೀದಿ ಬದಿ ಮಲಗಿದವರು: ಕ್ಯಾಮೆರಾ ಎತ್ತಬೇಡಿ. ಅವರ ಫೋಟೋ ಇಲ್ಲದೆಯೂ ಆ ಜಾಗ ಅರ್ಥವಾಗುತ್ತದೆ. ನದಿ, ಮೆಟ್ಟಿಲು, ಮಂಟಪ, ದಡದಲ್ಲಿ ಉಳಿದ ಮಡಕೆ ಚೂರು ಸಾಕು.

ಮಾತಾಡಿಸುವಾಗ "ನಿಮ್ಮ ಜೀವನದ ಬಗ್ಗೆ ಹೇಳಿ" ಅನ್ನಬೇಡಿ, ಯಾರಿಗೂ ಉತ್ತರ ಹೊಳೆಯುವುದಿಲ್ಲ. ಕೈಯಲ್ಲಿರುವ ವಸ್ತುವಿನ ಬಗ್ಗೆ ಕೇಳಿ. ಎಲೆ ಅಂಗಡಿಯಲ್ಲಿ, ಈ ಎಲೆ ಎಲ್ಲಿಯದು, ಮೈಸೂರು ಎಲೆ ಯಾವುದು, ಬೇರೆ ಊರಿನ ಎಲೆ ಯಾವುದು, ನೋಡಿದರೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿ. ಮೈಸೂರು ವೀಳ್ಯದೆಲೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಅಂದರೆ ಆ ಹೆಸರು ಈ ಸೀಮೆಯಲ್ಲಿ ಬೆಳೆದ ಎಲೆಗೆ ಮಾತ್ರ ಸಲ್ಲುತ್ತದೆ. ನಂಜನಗೂಡು ರಸ್ತೆ ಕಡೆಯ ಎಲೆತೋಟಗಳ ಜಾಗದಲ್ಲಿ ಸೈಟುಗಳಾದ ಕಥೆ ಅಂಗಡಿಯವರ ಬಾಯಲ್ಲೇ ಕೇಳಬಹುದು. ಅದನ್ನು ಬರೆದುಕೊಂಡು ಮುಂದಿನ ವಾರ ಆ ಕಡೆಗೇ ಹೋಗಿ.

ಹಂತ 7: ಒಂದು ಕೆಲಸದ ಹಿಂದೆ ಹೋಗಿ

ಜಾಗ ಅರ್ಥವಾಗದಿದ್ದರೆ ಅಲ್ಲಿ ನಡೆಯುವ ಒಂದು ಕೆಲಸವನ್ನು ಮೊದಲಿಂದ ಕೊನೆವರೆಗೆ ಹಿಂಬಾಲಿಸಿ. ಮಂಡ್ಯದ ಆಲೆಮನೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಗಾಡಿಯಲ್ಲಿ ಕಬ್ಬು ಬರುವುದು ಒಂದು ಫೋಟೋ. ಗಾಣಕ್ಕೆ ಕೊಡುವುದು. ಹಾಲು ತೊಟ್ಟಿಗೆ ಇಳಿಯುವುದು. ಇಲ್ಲಿ ಕಬ್ಬಿನ ರಸಕ್ಕೆ ಹಾಲು ಎಂದೇ ಹೇಳುತ್ತಾರೆ. ಕೊಪ್ಪರಿಗೆಯಲ್ಲಿ ಕುದಿಯುವುದು, ಮೇಲೆ ಬಂದ ಕೊಳೆ ತೆಗೆಯುವುದು, ಪಾಕ ಹದಕ್ಕೆ ಬಂತಾ ಎಂದು ನೋಡುವುದು, ಅಚ್ಚಿಗೆ ಸುರಿಯುವುದು. ಹಿಂಡಿದ ಸಿಪ್ಪೆಯನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಅದು ಅಂಗಳದಲ್ಲಿ ಒಣಗಿ, ಅದೇ ಒಲೆಗೆ ಉರುವಲಾಗಿ ಮರಳುತ್ತದೆ. ಆಲೆಮನೆಯ ಸುತ್ತ ಅಷ್ಟು ಬಯಲು ಯಾಕೆ ಬೇಕು ಎಂಬುದಕ್ಕೆ ಈ ಸಿಪ್ಪೆ ಒಣಗಿಸುವುದೇ ಉತ್ತರ. ಆ ಬಯಲಿನ ಫೋಟೋ ಇಲ್ಲದಿದ್ದರೆ ಆಲೆಮನೆಯ ಫೋಟೋ ಅರ್ಧವೇ.

ಕೊಪ್ಪರಿಗೆ ಮುಂದೆ ನಿಂತವರನ್ನು ಅವರ ಊರು ಕೇಳಿ. ಉತ್ತರ ಪ್ರದೇಶದಿಂದ ಬಂದವರು ಸಿಗಬಹುದು, ಈಗ ಇಲ್ಲಿನ ಹಲವು ಆಲೆಮನೆಗಳಲ್ಲಿ ಬೆಲ್ಲ ಮಾಡುವವರು ಅವರೇ. ಮಂಡ್ಯದ ಬೆಲ್ಲದ ಹಿಂದೆ ಯಾರ ಕೈ ಇದೆ ಎಂಬುದು ಆಗ ತಿಳಿಯುತ್ತದೆ.

ಎಚ್ಚರಿಕೆ: ಹಬೆಗೆ ಲೆನ್ಸ್ ಮಂಜಾಗುತ್ತದೆ, ಆಗಾಗ ಒರೆಸಿ. ಗಾಣದ ಪಟ್ಟೆಗೆ ಸಿಕ್ಕುವಂತೆ ಶಾಲು, ದುಪಟ್ಟಾ ಇಳಿಬಿಡಬೇಡಿ. ಪಾಕ ಸುರಿಯುವಾಗ ಅವರ ದಾರಿಗೆ ಅಡ್ಡ ನಿಲ್ಲಲೇಬೇಡಿ. ಆ ಬಿಸಿ ಮೈಮೇಲೆ ಬಿದ್ದರೆ ನೀರಿನಂತೆ ಜಾರಿ ಹೋಗುವುದಿಲ್ಲ, ಅಂಟಿಕೊಳ್ಳುತ್ತದೆ.

ಕಬ್ಬು ಇಲ್ಲಿಗೆ ಯಾಕೆ ಬಂತು ಎಂಬ ಪ್ರಶ್ನೆಗೆ ನಾಲೆ ಏರಿಗೆ ಹೋಗಬೇಕು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು, 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಈ ಕಡೆ ಹರಿಯಿತು. ಆಗ ಅದಕ್ಕೆ ಇರ್ವಿನ್ ನಾಲೆ ಎಂಬ ಹೆಸರಿತ್ತು. ಮಂಡ್ಯದ ಸಕ್ಕರೆ ಕಾರ್ಖಾನೆ 1933ರದು. ಇದನ್ನು ಕಣ್ಣಾರೆ ನೋಡಬೇಕಾದರೆ ನಾಲೆ ಮೇಲಿನ ಸೇತುವೆಯಲ್ಲಿ ನಿಂತು ಎರಡು ಫೋಟೋ ತೆಗೆಯಿರಿ. ಒಂದು ನಾಲೆಗಿಂತ ಎತ್ತರದಲ್ಲಿರುವ ಜಮೀನಿನ ಕಡೆಗೆ, ಒಂದು ತಗ್ಗಿನಲ್ಲಿರುವ ಜಮೀನಿನ ಕಡೆಗೆ. ನೀರು ಇಳಿಜಾರಿಗೆ ಮಾತ್ರ ಹರಿಯುತ್ತದೆ. ಹಾಗಾಗಿ ಕೆಳಗೆ ಗದ್ದೆ, ಕಬ್ಬು. ಮೇಲೆ ರಾಗಿ, ಹುರುಳಿ, ಹೆಚ್ಚೆಂದರೆ ಬೋರ್‌ವೆಲ್ ನೀರಿನ ತೋಟ. ನಾಲೆ ನೀರು ಮುಟ್ಟುವ ಈ ಕೆಳಗಿನ ಭೂಮಿಗೇ ಅಚ್ಚುಕಟ್ಟು ಎನ್ನುವುದು. ಎರಡು ಫೋಟೋ ಪಕ್ಕಪಕ್ಕ ಇಟ್ಟರೆ, ಇಡೀ ಜಿಲ್ಲೆಯಲ್ಲಿ ಒಂದು ಊರಿಗೂ ಪಕ್ಕದ ಊರಿಗೂ ಯಾಕೆ ಅಷ್ಟು ವ್ಯತ್ಯಾಸ ಎಂದು ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ ಮಂಡ್ಯದ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವ ಫೋಟೋ ಇಲ್ಲ. ಆದರೆ ಅದಕ್ಕಾಗಿ ನಾಲೆ ಅಂಚಿಗೆ ಇಳಿಯಬೇಡಿ. ಪಕ್ಕದ ಗೋಡೆ ಜಾರುತ್ತದೆ, ಸೆಳೆತ ಮೇಲಿಂದ ಕಾಣುವುದಿಲ್ಲ.

ಹಂತ 8: ಬರಹ ಮತ್ತು ಕಲ್ಲು

ಅಂಗಡಿ ಬೋರ್ಡು, ಅಡಿಗಲ್ಲು, ಮನೆ ಮುಂದಿನ ಹೆಸರು ಮತ್ತು ಇಸವಿ: ಬರಹ ಕಂಡ ಕಡೆಯೆಲ್ಲ ಒಂದು ಫೋಟೋ ತೆಗೆಯಿರಿ. ಖರ್ಚಿಲ್ಲದ ದಾಖಲೆ ಅದು.

ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ವೀರಗಲ್ಲು, ಮಾಸ್ತಿಕಲ್ಲು ಬೇಕಾದಷ್ಟಿವೆ. ವೀರಗಲ್ಲು ಎಂದರೆ ಹೋರಾಡಿ ಸತ್ತವರ ನೆನಪಿಗೆ ನೆಟ್ಟದ್ದು. ಮಾಸ್ತಿಕಲ್ಲು ಗಂಡನ ಜೊತೆ ಚಿತೆ ಏರಿದ ಹೆಂಗಸಿನ ನೆನಪಿನದು. ನೆತ್ತಿ ಮೇಲೆ ಬಿಸಿಲಿರುವಾಗ ತೆಗೆದರೆ ಕೆತ್ತನೆ ಕಾಣುವುದೇ ಇಲ್ಲ. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಪಕ್ಕದಿಂದ ಸವರಿಕೊಂಡು ಬರುವಾಗ ಹೋಗಿ. ಆಗ ಒಂದೊಂದು ಅಕ್ಷರದ ಒಳಗೂ ನೆರಳು ಬಿದ್ದು ಎದ್ದು ಕಾಣುತ್ತದೆ. ಕಲ್ಲು ನೆರಳಿನಲ್ಲಿದ್ದರೆ ಗೆಳೆಯರ ಕೈಗೆ ಟಾರ್ಚ್ ಕೊಟ್ಟು ಪಕ್ಕದಿಂದ ಹಿಡಿಸಿ. ಫ್ಲ್ಯಾಶ್ ಹಾಕಿದರೆ ಎಲ್ಲ ಚಪ್ಪಟೆಯಾಗುತ್ತದೆ.

ಎಚ್ಚರಿಕೆ: ಅಕ್ಷರ ಕಾಣಲಿ ಎಂದು ಸೀಮೆಸುಣ್ಣ, ಹಿಟ್ಟು, ಎಣ್ಣೆ ಬಳಿಯಬೇಡಿ. ತಂತಿ ಬ್ರಷ್‌ನಲ್ಲಿ ಉಜ್ಜಬೇಡಿ. ಸಾವಿರ ವರ್ಷ ಉಳಿದ ಕೆತ್ತನೆ ಅದರಿಂದ ಸವೆಯುತ್ತದೆ. ಊರಿನವರು ಪೂಜೆ ಮಾಡುವ ಕಲ್ಲಾದರೆ ಚಪ್ಪಲಿ ಬಿಟ್ಟು, ಕೇಳಿಕೊಂಡು ಹತ್ತಿರ ಹೋಗಿ.

ಕಲ್ಲನ್ನು ಅದರ ಜಾಗದ ಜೊತೆಗೇ ತೆಗೆಯಿರಿ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ನೆನಪಿಸಿಕೊಳ್ಳಿ. ಹತ್ತನೆಯ ಶತಮಾನದ್ದು. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ನಿಲ್ಲಿಸಿದ ಕಲ್ಲು. ಅದು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಕಲ್ಲು ಅಲ್ಲಿ ಜೋಪಾನವಾಗಿದೆ, ಆದರೆ ಸುತ್ತಲಿನ ಊರು, ಕೆರೆ, ಗುಡಿ ಜೊತೆಗೆ ಹೋಗಲಿಲ್ಲ. ನಿಮ್ಮೂರ ಕಲ್ಲು ನಾಳೆ ರಸ್ತೆ ಅಗಲ ಮಾಡುವಾಗ ಎಲ್ಲಿಗೆ ಹೋಗುತ್ತದೋ ಏನೋ. ಅದು ಈಗ ಎಲ್ಲಿ ನಿಂತಿದೆ, ಯಾವ ಕಡೆ ಮುಖ ಮಾಡಿದೆ ಎಂದು ಇವತ್ತೇ ಹಿಡಿದಿಡಿ. ಅಕ್ಷರ ಓದಲು ಬಾರದಿದ್ದರೆ ಚಿಂತೆಯಿಲ್ಲ. ಶಾಸನಗಳ ಸಂಪುಟಗಳು ತಾಲ್ಲೂಕುವಾರು ಅಚ್ಚಾಗಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಅವನ್ನು ಪರಿಷ್ಕರಿಸಿ ಪ್ರಕಟಿಸಿದೆ. ನಿಮ್ಮೂರ ಹೆಸರು ಹುಡುಕಿ ನೋಡಿ.

ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ, ಉದಾಹರಣೆಗೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ, ಟ್ರೈಪಾಡ್ ಬಳಸಲು ಅನುಮತಿ ಬೇಕು. ಗುಡಿಯ ಗರ್ಭಗುಡಿ, ಅಣೆಕಟ್ಟೆ, ರೈಲು ಹಳಿ ಬಳಿ ಕ್ಯಾಮೆರಾ ಒಳಗಿಡಿ. ಎಲ್ಲಿ ಹೋದರೂ ಬಾಗಿಲ ಬೋರ್ಡ್ ಓದಿಯೇ ಒಳಗೆ ಹೋಗಿ. ಡ್ರೋನ್ ಬಗ್ಗೆ ಕೇಳುವವರಿಗೆ: ಈ ಕೆಲಸಕ್ಕೆ ಅದು ಬೇಕಾಗಿಲ್ಲ.

ಹಂತ 9: ಅದೇ ಜಾಗ, ಬೇರೆ ದಿನ

ಒಂದು ಗುರುತಿನ ಜಾಗ ಆರಿಸಿ, ಅಲ್ಲಿಂದಲೇ ಮತ್ತೆ ಮತ್ತೆ ತೆಗೆಯಿರಿ. ಬರೀ ಅಂದಾಜಿನಲ್ಲಿ ನಿಂತರೆ ಫೋಟೋ ಹೊಂದುವುದಿಲ್ಲ. ಹತ್ತಿರದ ಒಂದು ವಸ್ತು ಮತ್ತು ದೂರದ ಒಂದು ವಸ್ತು ಒಂದೇ ಗೆರೆಗೆ ಬರುವಂತೆ ನಿಲ್ಲಿ. ಈ ದೀಪದ ಕಂಬ ಆ ಕಿಟಕಿಯ ಎಡ ಅಂಚಿಗೆ ಮುಟ್ಟಬೇಕು, ಹೀಗೆ ಪುಸ್ತಕದಲ್ಲಿ ಬರೆದಿಡಿ. ಹಳೆ ಫೋಟೋವನ್ನು ಫೋನಿನಲ್ಲಿ ತೆರೆದು ನೋಡಿಕೊಂಡು ಹೊಂದಿಸಿ.

ಯಾವಾಗ ಹೋಗಬೇಕು? ನಾಲೆಯಾದರೆ ನೀರು ಬಿಟ್ಟಾಗ, ನಿಲ್ಲಿಸಿದಾಗ, ನಾಟಿಗೆ, ಕೊಯ್ಲಿಗೆ. ಕೆರೆಯಾದರೆ ಮಳೆಗಾಲದ ಮುಂಚೆ ಮತ್ತು ಆಮೇಲೆ. ಮೈಸೂರಿನ ಬೀದಿಯಾದರೆ ದಸರಾ ಸಮಯಕ್ಕೆ ಒಂದು, ಗದ್ದಲ ಮುಗಿದ ಮೇಲೆ ಒಂದು. ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವ ಊರಾದರೆ ಅದೇ ರಸ್ತೆಯನ್ನು ಮಾರನೆ ಬೆಳಗ್ಗೆಯೂ ತೆಗೆಯಿರಿ.

ಇನ್ನೂರು ವರ್ಷ ಹಿಂದಕ್ಕೂ ಹೋಗಬಹುದು. ಟಿಪ್ಪು ಸುಲ್ತಾನನ ವಿರುದ್ಧದ 1791–92ರ ಯುದ್ಧದ ಸಮಯದಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಸೇನೆಯ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಬಂದಿದ್ದ. ಶ್ರೀರಂಗಪಟ್ಟಣದ ಸುತ್ತಲಿನ ನೋಟಗಳನ್ನು ಬರೆದಿದ್ದಾನೆ. ಅವುಗಳ ಪ್ರತಿ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಬೆಟ್ಟದ ಗೆರೆ, ನದಿಯ ತಿರುವು, ಗೋಪುರ ನೋಡಿ ಅವನು ನಿಂತ ಜಾಗ ಎಲ್ಲಿರಬಹುದು ಎಂದು ಹುಡುಕಿ. ಅವನು ಶತ್ರು ಸೇನೆಯ ಕಡೆಯವನು, ಕೋಟೆಯನ್ನು ಹೊರಗಿನಿಂದ ನೋಡಿದವನು ಎಂಬುದನ್ನು ಮಾತ್ರ ಮರೆಯಬೇಡಿ. ಚಿತ್ರವಾಗಲಿ ಫೋಟೋವಾಗಲಿ, ಯಾರು ಎಲ್ಲಿ ನಿಂತು ತೆಗೆದರು ಎಂದು ಕೇಳಬೇಕು.

ಹಂತ 10: ಮನೆಗೆ ಬಂದ ಮೇಲೆ

ಆ ದಿನವೇ ಕೂತುಕೊಳ್ಳಿ. ನಾಳೆಗೆ ಬಿಟ್ಟರೆ ಹೆಸರು, ಮಾತು ಮರೆತು ಹೋಗುತ್ತವೆ. ಒಂದೇ ಥರದ ಫೋಟೋಗಳಲ್ಲಿ ಒಂದನ್ನು ಉಳಿಸಿ ಮಿಕ್ಕದ್ದು ಅಳಿಸಿ. ಉಳಿದದ್ದಕ್ಕೆ ಎರಡು ಸಾಲು ಬರೆಯಿರಿ.

"ಮಾರುಕಟ್ಟೆಯ ಸೊಬಗು" ಎಂದು ಬರೆದರೆ ಏನೂ ಬರೆದಂತಲ್ಲ. ಹೀಗೆ ಬರೆಯಿರಿ: "ದೇವರಾಜ ಮಾರುಕಟ್ಟೆ, ಎಲೆ ಸಾಲು, ಬೆಳಗ್ಗೆ 7 ಗಂಟೆ. ಎಲೆ ಕಟ್ಟುಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದಾರೆ, ಬಾಡದಿರಲಿ ಅಂತ." ಕಂಡದ್ದು, ಯಾರೋ ಹೇಳಿದ್ದು, ನೀವು ಊಹಿಸಿದ್ದು: ಮೂರನ್ನೂ ಬೆರೆಸಬೇಡಿ. "ಅಂಗಡಿಯವರು ಹೇಳಿದ್ದು", "ನನ್ನ ಊಹೆ" ಎಂದು ಪಕ್ಕದಲ್ಲಿ ಬರೆಯಿರಿ. ಬರೆಯಲು ಏನೂ ತೋಚದ ಫೋಟೋ ಸಿಕ್ಕರೆ ಅಳಿಸಬೇಡಿ. ಅದರ ಪಕ್ಕ ಪ್ರಶ್ನೆ ಚಿಹ್ನೆ ಹಾಕಿ, ಮುಂದಿನ ಸಲಕ್ಕೆ ಅದೇ ಕೆಲಸ.

ಕೇಳಿದ ಸಂಗತಿಯನ್ನು ಇನ್ನೊಂದು ಕಡೆ ಪರೀಕ್ಷಿಸಿ. ಜಿಲ್ಲಾ ಗೆಜೆಟಿಯರ್, ಅಂದರೆ ಸರ್ಕಾರ ಹೊರತಂದ ಜಿಲ್ಲೆಯ ಸಮಗ್ರ ವಿವರದ ಪುಸ್ತಕ, ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತದೆ. ಮೈಸೂರಿನಲ್ಲಿ ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿಯೂ ಇದೆ. ಪತ್ರಾಗಾರ ಎಂದರೆ ಹಳೆ ಸರ್ಕಾರಿ ಕಡತಗಳನ್ನು ಇಟ್ಟಿರುವ ಜಾಗ. ಏನು ಬೇಕು ಎಂದು ಖಚಿತವಾಗಿ ಬರೆದುಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ.

ಫೈಲಿನ ಹೆಸರಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಜಾಗ ಬರಲಿ. ಹಾಗಿದ್ದರೆ ಕಂಪ್ಯೂಟರ್ ತಾನೇ ಸಾಲಾಗಿ ಜೋಡಿಸುತ್ತದೆ. ಫೋನಿನಲ್ಲಿ ಒಂದು ಪ್ರತಿ, ಹಾರ್ಡ್ ಡಿಸ್ಕ್‌ನಲ್ಲಿ ಒಂದು ಪ್ರತಿ ಇಡಿ. ಫೋನ್ ಕಳೆದರೆ ಅಥವಾ ಕೆಟ್ಟರೆ ವರ್ಷದ ಕೆಲಸ ಹೋಗುತ್ತದೆ.

ಕೊನೆಗೆ, ಒಂದಷ್ಟು ಫೋಟೋ ಪ್ರಿಂಟ್ ಹಾಕಿಸಿ ಆ ಜಾಗದವರಿಗೇ ಕೊಡಿ. ಸ್ಟುಡಿಯೋದಲ್ಲಿ ಚಿಕ್ಕ ಪ್ರಿಂಟ್‌ಗೆ ದೊಡ್ಡ ಖರ್ಚೇನೂ ಇಲ್ಲ. ಅಂಗಡಿಯ ಫೋಟೋ ಅಂಗಡಿಯವರ ಕೈಗೆ ಕೊಟ್ಟಾಗ "ಇದು ನಮ್ಮಪ್ಪನ ಕಾಲದಲ್ಲಿ ಆ ಕಡೆ ಇತ್ತು", "ಈ ಕಂಬ ಆಮೇಲೆ ಹಾಕಿದ್ದು" ಎಂದು ಅವರೇ ಶುರು ಮಾಡುತ್ತಾರೆ. ನೀವು ಬರೆದ ಎರಡು ಸಾಲಿನಲ್ಲಿ ತಪ್ಪಿದ್ದರೆ ತಿದ್ದುವವರೂ ಅವರೇ. ಹಾಗಾಗಿ ಪ್ರಿಂಟ್ ಕೊಡಲು ಹೋಗುವಾಗ ಪುಸ್ತಕ, ಪೆನ್ ತೆಗೆದುಕೊಂಡು ಹೋಗಿ, ಮತ್ತು ಅವರಿಗೆ ಬಿಡುವಿರುವ ಹೊತ್ತಿಗೇ ಹೋಗಿ.